‘ಬಾ’ ಅನ್ನುವವಳು ‘ಬರ್ರಿ’ ಅಂದಾಗ: ಎರಡನೇ ಭಾಗ ತಿದ್ದುವ ಕೆಲಸ

ಕಲಬುರಗಿಯಲ್ಲಿ ಕೂತು ಹಸ್ತಪ್ರತಿ ತಿದ್ದುವ ನಮ್ಮ ಮೇಜಿಗೆ ಫ್ಯಾಂಟಸಿ ಕಾದಂಬರಿಯ ಎರಡನೇ ಭಾಗ ಬಂದರೆ, ಮೊದಲು ತೆರೆಯುವುದು ಅದನ್ನಲ್ಲ, ಮೊದಲ ಭಾಗದ ಕೊನೆಯ ಮೂರು ಅಧ್ಯಾಯಗಳನ್ನು. ಒಂದು ಹಾಳೆಯಲ್ಲಿ ಪ್ರತಿ ಮುಖ್ಯ ಪಾತ್ರಕ್ಕೂ ನಾಲ್ಕು ಕಲಂ: ಏನು ಗೊತ್ತಾಗಿದೆ, ಯಾರ ಋಣ ಉಳಿದಿದೆ, ಏನು ಮುಚ್ಚಿಟ್ಟಿದ್ದಾರೆ, ಮೈಮೇಲೆ ಯಾವ ಗಾಯ.

ದೊಡ್ಡ ತಪ್ಪು, ಪಾತ್ರ ಕಲಿತದ್ದನ್ನು ಮರೆಯುವುದು. ಬೀದರಿನ ಕರೇಜ್‌ನಲ್ಲಿ, ಅಂದರೆ ನೆಲದಡಿ ನೀರು ಹರಿಸುವ ಹಳೆಯ ಸುರಂಗದಲ್ಲಿ, ನಡೆಯುವ ಕಥೆ ಅಂದುಕೊಳ್ಳಿ. ಮೊದಲ ಭಾಗದಲ್ಲಿ ಕತ್ತಲಿನ ಭಯ ಗೆದ್ದ ಹುಡುಗ ಎರಡನೆಯದರ ಮೊದಲ ಪುಟದಲ್ಲೇ ಮತ್ತೆ ನಡುಗುತ್ತಾನೆ. ಬರೆಯುವವರ ಕೈಗೆ ಆ ಭಯ ಒಗ್ಗಿಹೋಗಿದೆ, ಅಷ್ಟೇ. ಗೆಲುವೇ ಹೊಸ ತೊಡಕು ತರಬೇಕು. ಭಯ ಹೋದವನು ದೀಪವಿಲ್ಲದೆ ಇಳಿಯುತ್ತಾನೆ, ಹಿಂದೆ ಬಂದ ಗೆಳತಿ ಕಾಲು ಮುರಿದುಕೊಳ್ಳುತ್ತಾಳೆ. ಆ ಕಾಲು ಕೊನೆಯವರೆಗೂ ಕುಂಟಲಿ. ಮೂರನೇ ಅಧ್ಯಾಯದಲ್ಲಿ ಮಂತ್ರದ ಎಲೆ ಹಚ್ಚಿ ವಾಸಿ ಮಾಡಿದರೆ ಋಣವೂ ಅಲ್ಲಿಗೇ ತೀರಿತು.

ಜಗಳ ಇನ್ನೂ ಸೂಕ್ಷ್ಮ. ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಮುನಿಸಿಗೆ ನಮ್ಮಲ್ಲಿ ಒಂದೇ ಪರೀಕ್ಷೆ: ಇಬ್ಬರನ್ನೂ ಚಹಾದಂಗಡಿಯಲ್ಲಿ ಹತ್ತು ನಿಮಿಷ ಕೂರಿಸಿದರೆ ಬಗೆಹರಿಯುತ್ತದೆಯೇ? ಬಗೆಹರಿದರೆ ಆ ಜಗಳವನ್ನೇ ಹೊಡೆದುಹಾಕಿ. ಇಬ್ಬರದೂ ಸರಿಯಿರಬೇಕು. ಗೆಳತಿ ಬಿದರಿ ಕೆಲಸದವಳು, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವವಳು ಅನ್ನಿ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಎರಕಕ್ಕೆ ಕಪ್ಪು ಹಿಡಿಸಲು ಬಿಸಿಲು ಮಳೆ ಕಾಣದ ಕೋಟೆಯ ಹಳೆ ಮಣ್ಣೇ ಬೇಕು. ಆ ಮಣ್ಣು, ನವಸಾಗರದ ಉಪ್ಪು ಬೆರೆಸಿ ಕಾಯಿಸಿದ ನೀರಿನಲ್ಲಿ ಎರಕ ಕರ್ರಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹುಡುಗನಿಗೋ ಊರಿಗೆ ನೀರು ಬರಲು ಅದೇ ಮಣ್ಣಿನಡಿ ಮುಚ್ಚಿಹೋದ ಸುರಂಗದ ಗಾಳಿಬಾವಿ ತೆಗೆಯಬೇಕು. ಈಗ ಚಹಾ ಕುಡಿಸಿ ನೋಡಿ. ಮಂತ್ರವಿದ್ಯೆ ಮಣ್ಣಿನಲ್ಲಿದೆ ಅಂತ ಮೊದಲ ಭಾಗದಲ್ಲಿ ಹೇಳಿದ್ದರೆ, ಅವಳು ಕಳೆದುಕೊಳ್ಳುವುದು ಬರೀ ಕಸುಬನ್ನಲ್ಲ.

ಹಿಂದಿನ ಕಥೆಯ ಸಾರಾಂಶಕ್ಕೆ ಎರಡು ಪುಟ ಕೊಡಬೇಡಿ. ಮೊದಲ ಅಧ್ಯಾಯದಲ್ಲಿ ಮೂರು ಕಡೆ, ಒಂದೊಂದು ವಾಕ್ಯ ಸಾಕು.

ಇನ್ನು ಸಂಬೋಧನೆ. ಗೆಳೆತನ ಎಷ್ಟು ದೂರ ಬಂತು ಎಂದು ಅಳೆಯಲು ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಗಜಕಡ್ಡಿ ಇಲ್ಲ. ಮೊದಲ ಭಾಗ ‘ನೀವು’ ಅಂತ ಶುರುವಾಗಿ ‘ನೀ’ಗೆ ಇಳಿದು, ಕೊನೆಗೆ ‘ಲೇ’ಗೆ ಬಂದಿರುತ್ತದೆ. ಜಗಳದ ಮರುದಿನ ಅವಳು ‘ಬಾ’ ಅನ್ನದೆ ‘ಬರ್ರಿ’ ಅಂದರೆ ಸಾಕು, ಒಂದು ಪುಟದ ದುಃಖ ಬರೆಯುವುದು ಉಳಿಯಿತು. ನಮ್ಮ ಕಡೆ ‘ರಿ’ ಮರ್ಯಾದೆ ಹೌದು, ಆದರೆ ವಾರಿಗೆಯವರ ನಡುವೆ ಅದು ಮುಚ್ಚಿದ ಬಾಗಿಲು. ಪ್ರತಿ ಅಧ್ಯಾಯಕ್ಕೆ ಒಂದು ಸಾಲು ಬರೆದಿಡಿ: ಯಾರು ಯಾರಿಗೆ ಏನಂದರು. ಕಾರಣವಿಲ್ಲದೆ ಬದಲಾದದ್ದು ಕಣ್ಣಿಗೆ ಬೀಳುತ್ತದೆ. ಸಾಮಾನ್ಯವಾಗಿ ಅದು ಶಾಲೆಯ ಕನ್ನಡ ಬೆರಳಿಗೆ ಬಂದು ಮಾಡಿದ ಕೆಲಸ.

ಕರಡು ತಿದ್ದುವವರಿಗೆ ಈ ಪಟ್ಟಿ ಕಳಿಸದಿದ್ದರೆ ಆಗುವುದು ಇಷ್ಟು: ಅವರು ಶ್ರದ್ಧೆಯಿಂದ ‘ಬರ್ರಿ’ಯನ್ನು ‘ಬಾ’ ಮಾಡುತ್ತಾರೆ, ಪುಸ್ತಕದಾದ್ಯಂತ ಒಂದೇ ರೀತಿ ಇರಲಿ ಅಂತ.