ಮೂರು ಕಂಬ, ಒಂದು ಭೂತಗನ್ನಡಿ

ಎರಡನೇ ವರ್ಷದಲ್ಲಿ ಒಂದು ದಿನ ನಮ್ಮ ಮೇಷ್ಟ್ರು ಪಾಠ ಮಾಡಲಿಲ್ಲ. ದಪ್ಪದೊಂದು ಪುಸ್ತಕ ಮೇಜಿನ ಮೇಲೆ ಬಿಡಿಸಿಟ್ಟು, ಭೂತಗನ್ನಡಿ ಕೈಗೆ ಕೊಟ್ಟು, "ಸುಮ್ನೆ ನೋಡಿ, ಅರ್ಧ ಗಂಟೆ ಯಾರೂ ಮಾತಾಡಬೇಡಿ" ಅಂದರು.

ಅದು ಪಿರನೇಸಿ ಕಂಡ ರೋಮ್. 1720ರಲ್ಲಿ ವೆನಿಸ್ ಕಡೆ ಹುಟ್ಟಿ, 1778ರಲ್ಲಿ ರೋಮ್‌ನಲ್ಲೇ ತೀರಿಕೊಂಡವನು. ತನ್ನನ್ನು ವಾಸ್ತುಶಿಲ್ಪಿ ಅಂತಲೇ ಕರೆದುಕೊಳ್ಳುತ್ತಿದ್ದ, ಆದರೆ ಕಟ್ಟಿದ್ದಕ್ಕಿಂತ ಕಾಗದಕ್ಕೆ ಅಚ್ಚು ಹಾಕಲು ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದದ್ದೇ ಜಾಸ್ತಿ. ರೋಮ್‌ನ ನೋಟಗಳೇ 135.

ನನ್ನ ಪಾಲಿಗೆ ಬಂದ ಪುಟದಲ್ಲಿ ರೋಮ್‌ನ ಚಕ್ರವರ್ತಿ ವೆಸ್ಪಾಸಿಯನ್ ಹೆಸರಿನ ಗುಡಿಯ ಮೂರು ಕಂಬಗಳಿದ್ದವು. ಕಂಬ ಅಂದರೆ ಪೂರ್ತಿ ಅಲ್ಲ, ಹೆಚ್ಚುಕಡಿಮೆ ಕುತ್ತಿಗೆವರೆಗೂ ಮಣ್ಣಲ್ಲಿ ಹೂತಿದ್ದವು, ಪಕ್ಕದಲ್ಲಿ ಪುಟ್ಟ ಪುಟ್ಟ ಮನುಷ್ಯರು. ಆ ಗುಡಿ ಇರುವ ರೋಮನ್ ಫೋರಂ, ಅಂದರೆ ಹಳೆಯ ರೋಮ್‌ನ ನಡುಚೌಕ, ಆಗ ದನ ಮೇಯುವ ಬಯಲು, ಜನ ಅದನ್ನು 'ಕಾಂಪೊ ವಚ್ಚೀನೊ' ಅಂತಿದ್ದರು, ಹಸುಗಳ ಬಯಲು ಅಂತ. ಆ ಕಂಬಗಳ ಸುತ್ತಲಿನ ಮಣ್ಣು ತೆಗೆದದ್ದು 19ನೇ ಶತಮಾನದಲ್ಲಿ, ಅಂದರೆ ಪಿರನೇಸಿ ತನ್ನ ಕಂಬಗಳ ಬುಡವನ್ನು ನೋಡಲೇ ಇಲ್ಲ. ಅವತ್ತು ಇದನ್ನು ಕೇಳಿ ನನಗೆ ನಿಜವಾಗಲೂ ಸಂಕಟ ಆಯಿತು.

ಭೂತಗನ್ನಡಿ ಹಿಡಿದರೆ ಆಕಾಶದ ಗೆರೆಗಳು ಕೂದಲಿನಷ್ಟು ಸಣ್ಣ, ನೆರಳಿನವು ಒರಟು, ಕಪ್ಪು. ಕೈಯ ಒತ್ತಡದಿಂದ ಬಂದದ್ದಲ್ಲ ಅದು, ಕಾಯುವುದರಿಂದ ಬಂದದ್ದು. ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಮುಳುಗಿಸುತ್ತೀರಿ. ಗೀಚಿದ ಕಡೆ ಆಸಿಡ್ ತಾಮ್ರವನ್ನು ತಿನ್ನುತ್ತದೆ. ತಗಡನ್ನು ಬೇಗ ಹೊರತೆಗೆದು, ತಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ವಾರ್ನಿಷ್‌ನಿಂದ ಮುಚ್ಚಿ, ಮಿಕ್ಕವನ್ನು ಮತ್ತೆ ಆಸಿಡ್‌ಗೆ ಬಿಡುತ್ತೀರಿ, ಹೆಚ್ಚು ಹೊತ್ತು ಇದ್ದಷ್ಟೂ ಗೆರೆ ಆಳ, ಆಳವಾದಷ್ಟೂ ಶಾಯಿ ಜಾಸ್ತಿ. ಗೆರೆಗಳ ಮೇಲೆ ಏಳುವ ಗುಳ್ಳೆಗಳನ್ನು ಮೇಷ್ಟ್ರು ಹಕ್ಕಿಯ ಗರಿಯಿಂದ ಸವರುತ್ತಿದ್ದರು, ಎಷ್ಟು ಮೆಲ್ಲಗೆ ಅಂದರೆ ಮಲಗಿರುವ ಮಗುವಿನ ಹಣೆ ಮುಟ್ಟಿದ ಹಾಗೆ.

ನನ್ನ ಮೊದಲ ತಗಡಿನಲ್ಲಿ ನಮ್ಮ ಕಾಲೇಜಿನ ಕಮಾನು ಬರೆದೆ. ಅದರ ಮೇಲಿನ ಅಕ್ಷರಗಳನ್ನು ನೆಟ್ಟಗೆ ಬರೆದಿದ್ದೆ, ಅಚ್ಚಿನಲ್ಲಿ ಎಲ್ಲ ಉಲ್ಟಾ! ಮೇಷ್ಟ್ರು ಬೈಯಲಿಲ್ಲ. ಆ ಪುಸ್ತಕ ಮತ್ತೆ ತೆಗೆದು, ಚಿತ್ರದ ಕೆಳಗಿದ್ದ ಸಾಲನ್ನು ತೋರಿಸಿದರು. ಇದು ನಮಗೆ ನೆಟ್ಟಗೆ ಕಾಣಬೇಕಾದರೆ ತಗಡಿನ ಮೇಲೆ ಒಂದೊಂದು ಅಕ್ಷರವನ್ನೂ ತಿರುಗಿಸಿಯೇ ಕೊರೆದಿರಬೇಕು, ಅಲ್ವಾ? ಅವತ್ತು ಸಂಜೆ ಕನ್ನಡಿ ಮುಂದೆ ಕೂತು ಕಮಾನಿನ ಅಕ್ಷರಗಳನ್ನು ಮೊದಲಿನಿಂದ ಬರೆದೆ. ಎರಡನೇ ತಗಡಿನ ಅಚ್ಚು ಇನ್ನೂ ಒದ್ದೆ ಇರುವಾಗಲೇ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಕೇಳಿದರು.