ಪೋಸ್ಟರಿನ ಅಳತೆ: ಲೈಪ್‌ಜಿಗ್‌ನಿಂದ ಗೋಣಿಕೊಪ್ಪಲಿಗೆ ಒಂದು ಉತ್ತರ

ಗೋಣಿಕೊಪ್ಪಲಿನಲ್ಲಿರುವ ನನ್ನ ಅಣ್ಣನ ಮಗಳು ತಾನು ಬಿಡಿಸಿದ ಕೊಡಗಿನ ಚಿತ್ರಗಳನ್ನು ಪೋಸ್ಟರುಗಳಾಗಿ ಆನ್‌ಲೈನಿನಲ್ಲಿ ಮಾರಲು ಹೊರಟಿದ್ದಾಳೆ. "ಚಿಕ್ಕಪ್ಪ, ಯಾವ ಯಾವ ಸೈಜು ಇಡಬೇಕು?" ಎಂದು ಕಳೆದ ವಾರ ಕೇಳಿದಳು. ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದುಕೊಂಡು ಕೆಲವು ವರ್ಷಗಳಿಂದ ಸಂಜೆಯ ಬಿಡುವಿನಲ್ಲಿ ಇದೇ ಕೆಲಸ ಮಾಡುತ್ತಿರುವ ನಾನು ಫೋನಿನಲ್ಲಿ ಕೊಟ್ಟ ಉತ್ತರ ಅರೆಬರೆಯಾಗಿತ್ತು. ಊರಿನಲ್ಲಿ ಇಂಥದೇ ಪ್ರಯತ್ನದಲ್ಲಿರುವ ಇತರರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ನಮ್ಮ ಕಡೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ವಿರಾಜಪೇಟೆಯಲ್ಲಿ ಪಟಕ್ಕೆ ಕಟ್ಟು ಹಾಕುವವರ ಅಂಗಡಿಗೆ ಅಜ್ಜನ ಫೋಟೋ ಒಯ್ದರೆ, ಅವರು ಅದನ್ನು ಅಳೆದು, ಅಷ್ಟಕ್ಕೇ ಸರಿಯಾಗಿ ಮರದ ಪಟ್ಟಿಯನ್ನೂ ಗಾಜನ್ನೂ ಕತ್ತರಿಸಿ ಕೂರಿಸಿಕೊಡುತ್ತಾರೆ. ಚಿತ್ರ ಯಾವ ಅಳತೆಯದಾದರೂ ಕಟ್ಟು ಅದಕ್ಕೆ ಹೊಂದಿಕೊಳ್ಳುತ್ತದೆ. ಇಲ್ಲಿ ಜರ್ಮನಿಯಲ್ಲಿ ಅಳತೆ ಕೊಟ್ಟು ಕಟ್ಟು ಹಾಕಿಸುವುದು ಪೋಸ್ಟರಿನ ಬೆಲೆಗಿಂತ ಹಲವು ಪಟ್ಟು ದುಬಾರಿ. ಆದ್ದರಿಂದ ಜನ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಚೌಕಟ್ಟನ್ನು ಕೊಂಡು, ಅದರೊಳಗೆ ಹಿಡಿಯುವ ಚಿತ್ರವನ್ನಷ್ಟೇ ಹುಡುಕುತ್ತಾರೆ. ಇದು ಅರ್ಥವಾಗಲು ನನಗೆ ಒಂದು ವರ್ಷವೇ ಹಿಡಿಯಿತು. ಅಳತೆಯನ್ನು ಗೊತ್ತುಮಾಡುವವನು ಚಿತ್ರ ಬಿಡಿಸಿದವನಲ್ಲ, ಕೊಳ್ಳುವವನ ಊರಿನಲ್ಲಿ ಚೌಕಟ್ಟು ಮಾರುವವನು.

ಯೂರೋಪಿನಲ್ಲಿ ಆ ಚೌಕಟ್ಟುಗಳು ಎರಡು ಬಗೆಯವು. ಒಂದು ನಮಗೆಲ್ಲ ಝೆರಾಕ್ಸ್ ಹಾಳೆಯಿಂದ ಪರಿಚಿತವಾದ ಎ4, ಎ3, ಎ2ಗಳ ಸಾಲು. ಹಾಳೆಯನ್ನು ಅಡ್ಡಕ್ಕೆ ಅರ್ಧ ಮಡಚಿದರೂ ಆಕಾರ ಬದಲಾಗದಂಥ ಈ ಪ್ರಮಾಣದ (ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತದ) ಗುಣವನ್ನು ಲಿಕ್ಟೆನ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ 1786ರಲ್ಲಿಯೇ ಒಂದು ಪತ್ರದಲ್ಲಿ ಬರೆದಿದ್ದ. 1922ರಲ್ಲಿ ಜರ್ಮನಿ ಅದನ್ನು ತನ್ನ ಮಾನಕವಾಗಿ ಸ್ವೀಕರಿಸಿತು. ಇನ್ನೊಂದು 30×40, 50×70 ಸೆಂಟಿಮೀಟರಿನ ಸಾಲು. ಅಮೆರಿಕದ ಲೆಕ್ಕವೇ ಬೇರೆ: ಅಲ್ಲಿ 8×10, 16×20, 18×24, 24×36 ಇಂಚು, ಮತ್ತು ಇವುಗಳೊಳಗೇ ಮೂರು ಬೇರೆ ಬೇರೆ ಪ್ರಮಾಣಗಳಿವೆ.

ಪ್ರಮಾಣ ಬೇರೆಯಾದರೆ ಏನಾಗುತ್ತದೆಂಬುದನ್ನು ನಾನು ನಷ್ಟ ತೆತ್ತು ಕಲಿತೆ. ಒಂದು ಐನ್‌ಮನೆಯ (ಕೊಡವರ ಮನೆತನದ ಮೂಲಮನೆ) ಚಿತ್ರವನ್ನು ಎ2 ಅಳತೆಯಲ್ಲಿ ಬಿಡಿಸಿ, ಕೆಳ ಅಂಚಿಗೆ ತಾಗಿದಂತೆ ದಪ್ಪ ಅಕ್ಷರದಲ್ಲಿ 'ಕೊಡಗು' ಎಂದು ಬರೆದಿದ್ದೆ. ಅಮೆರಿಕದಲ್ಲಿ ನೆಲೆಸಿದ ನಮ್ಮೂರ ಕಡೆಯ ಕುಟುಂಬವೊಂದು ಅದನ್ನು 18×24ರಲ್ಲಿ ಕೇಳಿತು. ಆರ್ಡರ್ ಬಂದ ಮೇಲೆ ಮುದ್ರಿಸಿ ನೇರವಾಗಿ ಗಿರಾಕಿಗೆ ಕಳುಹಿಸುವ ಮುದ್ರಣಾಲಯಕ್ಕೆ ನಾನು ಅದೇ ಫೈಲನ್ನು ಕೊಟ್ಟು, ಹಾಳೆ ತುಂಬುವಂತೆ ಹಿಗ್ಗಿಸುವ ಆಯ್ಕೆಯನ್ನು ಒತ್ತಿದೆ. ಎ2ನ ಅಗಲವನ್ನು 18 ಇಂಚಿಗೆ ಹಿಗ್ಗಿಸಿದರೆ ಎತ್ತರ ಸುಮಾರು ಇಪ್ಪತ್ತೈದೂವರೆ ಇಂಚಾಗುತ್ತದೆ; ಹೆಚ್ಚಾದದ್ದು ಮೇಲೂ ಕೆಳಗೂ ಮುಕ್ಕಾಲು ಇಂಚಿನಷ್ಟು ಕತ್ತರಿಸಿ ಹೋಗುತ್ತದೆ. ಆ ಮನೆಯವರಿಗೆ ಕೆಳಭಾಗವಿಲ್ಲದ 'ಕೊಡಗು' ತಲುಪಿತು. ಹಿಗ್ಗಿಸದೆ ಪೂರ್ತಿ ಹಿಡಿಸಿದ್ದರೆ ಎಡಬಲಗಳಲ್ಲಿ ಅರ್ಧರ್ಧ ಇಂಚು ಬಿಳಿ ಪಟ್ಟಿ ಉಳಿಯುತ್ತಿತ್ತು, ಅದೂ ಚೆನ್ನಾಗಿರುತ್ತಿರಲಿಲ್ಲ. ತಪ್ಪು ನನ್ನದೇ ಆದ್ದರಿಂದ ಇನ್ನೊಂದು ಪ್ರತಿಯನ್ನು ನನ್ನ ಖರ್ಚಿನಲ್ಲಿ ಕಳುಹಿಸಿದೆ.

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮ ದರ್ಜಿಯವರದು: ಹೊಲಿಗೆಗೆಂದು ಬಟ್ಟೆ ಬಿಟ್ಟು ಕತ್ತರಿಸುವುದು. ಎಲ್ಲ ಪ್ರಮಾಣಗಳಲ್ಲಿ ಅತ್ಯಂತ ನೀಳವಾದ 24×36ರಲ್ಲಿಯೇ ಮೂಲ ಚಿತ್ರವನ್ನು ಬಿಡಿಸುತ್ತೇನೆ. ಅಗಲವನ್ನು 24 ಇಂಚಿಗೇ ಇಟ್ಟುಕೊಂಡರೆ, ಎ ಸಾಲಿಗೆ ಎತ್ತರದಲ್ಲಿ ಸುಮಾರು 2 ಇಂಚು, 18×24ಕ್ಕೆ 4 ಇಂಚು, 16×20ಕ್ಕೆ 6 ಇಂಚು ಕಳೆಯಬೇಕಾಗುತ್ತದೆ. 50×70 ಎ ಸಾಲಿಗೆ ಎಷ್ಟು ಹತ್ತಿರವೆಂದರೆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಮೇಲಿನ 3 ಇಂಚಿನಲ್ಲಿ ಬರೀ ಆಕಾಶ ಅಥವಾ ಮಂಜು, ಕೆಳಗಿನ 3 ಇಂಚಿನಲ್ಲಿ ಬರೀ ಹುಲ್ಲು ಅಥವಾ ಮಣ್ಣು ಇದ್ದರೆ ಒಂದೇ ಚಿತ್ರದಿಂದ ಎಲ್ಲ ಅಳತೆಗಳೂ ಹುಟ್ಟುತ್ತವೆ. ಮಂಜಿಗೆ ನಮ್ಮಲ್ಲಿ ಬರವಿಲ್ಲವಲ್ಲ. ಇದರ ಮೇಲೆ, ಮುದ್ರಣಾಲಯದವರು ಅಂಚು ಕತ್ತರಿಸಲೆಂದು ಸುತ್ತಲೂ ಕೇಳುವ 3 ಮಿಲಿಮೀಟರನ್ನು ಬೇರೆಯಾಗಿ ಬಿಡಬೇಕು.

ಇಂಚಿಗೆ 300 ಪಿಕ್ಸೆಲ್‌ನಂತೆ ಈ ಮೂಲ ಚಿತ್ರ 7200×10800 ಪಿಕ್ಸೆಲ್ ಆಗುತ್ತದೆ. ಕಂಪ್ಯೂಟರ್ ಏದುಸಿರು ಬಿಡುತ್ತದೆ, ಬಿಡಲಿ. ಕೈಯಿಂದ ಬಿಡಿಸುವವರಿಗಿಂತ ಫೋಟೋ ಮಾರುವವರು ಇಲ್ಲಿ ಎಚ್ಚರದಿಂದಿರಬೇಕು. ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ 300ರ ಲೆಕ್ಕದಲ್ಲಿ ಎ3ಗೂ ಸಾಲದು. ದೊಡ್ಡ ಪೋಸ್ಟರನ್ನು ದೂರದಿಂದ ನೋಡುವುದರಿಂದ 150ರಲ್ಲಿ 18×24ರವರೆಗೆ ನಡೆಯುತ್ತದೆ, ಅದರಾಚೆಗೆ ನಾನಾದರೆ ಮಾರುವುದಿಲ್ಲ.

ಎಷ್ಟು ಅಳತೆಗಳನ್ನು ಇಡಬೇಕು? ಮೊದಲು ನಾನು ಹದಿನಾಲ್ಕು ಇಟ್ಟಿದ್ದೆ. ಕೊಳ್ಳುವವರು ಗೊಂದಲಗೊಂಡು ಪತ್ರ ಬರೆಯುತ್ತಿದ್ದರು, ಇಲ್ಲವೇ ಸುಮ್ಮನೆ ಹೋಗಿಬಿಡುತ್ತಿದ್ದರು. ಈಗ ಯೂರೋಪಿಗೆ ಎ4, ಎ3, 50×70. ಅಮೆರಿಕಕ್ಕೆ 16×20, 18×24, 24×36. ಎ4 ಅನ್ನು ಸೋಫಾದ ಮೇಲ್ಗಡೆ ತೂಗುಹಾಕಿದ ಮಾದರಿ ಚಿತ್ರವನ್ನು ಮಾರಾಟದ ಪುಟದಲ್ಲಿ ಯಾರೂ ಹಾಕಬಾರದು. ನಿಜವಾದ ಗೋಡೆಯ ಮೇಲೆ ಅದು ಅಂಚೆಚೀಟಿಯಂತೆ ಕಂಡು ವಾಪಸಾಗುತ್ತದೆ.

ಊರಿನ ಗಿರಾಕಿಗಳ ಮಾತು ಬೇರೆ. ಹೋಮ್‌ಸ್ಟೇಯವರು ಮಂಚದ ಮೇಲ್ಗಡೆಗೆ ದೊಡ್ಡದನ್ನೇ ಕೇಳುತ್ತಾರೆ, ಆದರೆ ಜೂನ್, ಜುಲೈ ತಿಂಗಳ ತೇವಕ್ಕೆ ದೊಡ್ಡ ಹಾಳೆ ಗಾಜಿನೊಳಗೆ ಅಲೆಯಲೆಯಾಗಿ ಏಳುತ್ತದೆ, ಗಾಜಿಗೆ ಅಂಟಿಕೊಂಡ ಕಡೆ ಬೂಷ್ಟು ಹಿಡಿಯುತ್ತದೆ. ಅವರಿಗೆ ಎ3 ಮುದ್ರಿಸಿ, ಸುತ್ತ ಅಗಲವಾದ ರಟ್ಟಿನ ಅಂಚು ಕೊಟ್ಟು, ಹಾಳೆ ಗಾಜಿಗೆ ತಾಗದಂತೆ ಕಟ್ಟು ಹಾಕಿಸುವುದು ಒಳ್ಳೆಯದು. ಗೋಡೆಯ ಮೇಲೆ ಆಗ ಅದು ಎ2ನಷ್ಟೇ ದೊಡ್ಡದಾಗಿ ಕಾಣುತ್ತದೆ.

ನಿನ್ನೆ ಅವಳು ಬ್ರಹ್ಮಗಿರಿಯ ಚಿತ್ರವೊಂದನ್ನು ಕಳುಹಿಸಿದ್ದಳು. 24×36ರಲ್ಲಿಯೇ ಬಿಡಿಸಿದ್ದಳು, ಆದರೆ ಮೇಲಿನ ಅಂಚಿನಿಂದ ಒಂದೇ ಇಂಚು ಕೆಳಗೆ ಒಂದು ಮಂಗಟ್ಟೆ ಹಕ್ಕಿ ಹಾರುತ್ತಿತ್ತು. ಇಳಿಸಲು ಹೇಳಿದೆ. ಎರಡೂವರೆ ಇಂಚಿನವರೆಗೆ ಇಳಿಸಿದಳು; ಇನ್ನೂ ಇಳಿಸಿದರೆ ಹಕ್ಕಿ ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ ಎಂದಳು. ಕೆಳಗಿನಿಂದಲೇ ಹೆಚ್ಚು ಕತ್ತರಿಸೋಣವೆಂದರೆ ಅಲ್ಲಿ ಗದ್ದೆಯ ನೀರಿನಲ್ಲಿ ಬಿದ್ದ ಬೆಟ್ಟದ ನೆರಳಿದೆ. ಹೀಗಾಗಿ ಈ ಚಿತ್ರದ ಪಟ್ಟಿಯಿಂದ 16×20 ಅನ್ನು ತೆಗೆದುಹಾಕಿದೆವು.