ಕೊಟ್ಟಿಗೆ ಬಿಚ್ಚಿಸಿದ್ದು

ದನ ಕಡಿಮೆಯಾಗುತ್ತಾ ಬಂದು ಉಳಿದದ್ದು ಒಂದು ಹಸು, ಒಂದು ಕರು. ಅವಕ್ಕೆ ಮನೆ ಹಿಂದಿನ ಶೀಟಿನ ಮಾಡೇ ಸಾಕು. ಹಳೇ ಕೊಟ್ಟಿಗೆಯ ಪಡುವಣ ಗೋಡೆ ಹೋದ ಮಳೆಗಾಲದಲ್ಲೇ ಉಬ್ಬಿ ನಿಂತಿತ್ತು. ನಮ್ಮ ಸಾಗರದ ಕಡೆ ದೀಪಾವಳಿ ಕಳೆದರೆ ಅಡಿಕೆ ಕೊಯ್ಲು, ಆಗ ಆಳು ಸಿಗುವ ಮಾತೇ ಇಲ್ಲ. ಹಾಗಾಗಿ ಶಿವರಾತ್ರಿ ಮುಗಿದ ಮೇಲೆ ಕೊಟ್ಟಿಗೆ ಕೆಡವಲು ಜನ ಹುಡುಕಿದೆವು.

ಮೊದಲು ಬಂದವರು ಬೈಕಿನಿಂದ ಇಳಿಯಲೇ ಇಲ್ಲ. "ಜೆಸಿಬಿ ತರ್ತೀನಿ, ಅರ್ಧ ದಿನದ ಕೆಲಸ. 40 ಸಾವಿರ ಕೊಡಿ" ಎಂದರು. ಎರಡನೆಯವ ಪಕ್ಕದೂರಿನ ಮೇಸ್ತ್ರಿ. ಸೊಂಟದ ಕತ್ತಿ ತೆಗೆದು, ಅದರ ಹಿಂಬದಿಯಿಂದ ಒಂದೊಂದು ಕಂಬಕ್ಕೂ ಬಡಿದು ಕಿವಿಗೊಟ್ಟ. ವರಲೆ ತಿಂದಲ್ಲಿ ಡಬ್ ಡಬ್, ಗಟ್ಟಿ ಇದ್ದಲ್ಲಿ ಠಣ್. ಅಟ್ಟ ಹತ್ತಿ ಇಳಿದವನೇ, "ಕಂಬ ಹೊನ್ನೆ, ತೊಲೆ ಮತ್ತಿ. ಹಂಚೂ ಮುಕ್ಕಾಲು ಪಾಲು ಚೆನ್ನಾಗಿದೆ. ನೀವೇನೂ ಕೊಡಬೇಡಿ ಭಟ್ರೆ, ನಾನೇ 15 ಸಾವಿರ ಕೊಡ್ತೀನಿ. ಮಾಲು ನನಗೆ" ಎಂದ.

ಕೆಡವುವ ಲೆಕ್ಕವೇ ಹಾಗೆ. ಜೆಸಿಬಿಯಿಂದ ಉರುಳಿಸಿದರೆ ಎಲ್ಲಾ ಕಸ, ಅದನ್ನು ಸಾಗಿಸೋಕೂ ನಮ್ಮದೇ ದುಡ್ಡು. ಕೈಯಲ್ಲಿ ಬಿಚ್ಚಿದರೆ ಅದೇ ಮಾಲು. ಒಪ್ಪಿಕೊಂಡೆವು. ಕಾಗದ ಮಾಡಿಕೊಳ್ಳೋಣ ಅಂದಿದ್ದು ಅಮ್ಮ, ಹೇಳಿ ಬರೆಸಿದ್ದೂ ಅವರೇ: ನೆಲದಿಂದ ಮೇಲಿನದು ಮೇಸ್ತ್ರಿಗೆ, ನೆಲದಲ್ಲಿರೋದು ನಮಗೆ. ಹಳೇ ನಾಟ ಸಾಗಿಸೋಕೆ ಅರಣ್ಯ ಇಲಾಖೆಯ ಪಾಸ್ ಮಾಡಿಸೋದು ಅವನದೇ ಜವಾಬ್ದಾರಿ.

ಕರೆಂಟ್ ವಯರ್ ಬಿಚ್ಚಿಸಿ, ಉಳಿದ ಹುಲ್ಲು ಹೊರಗೆ ಹಾಕಿದ ಮೇಲೆ ಕೆಲಸ ಶುರು. ಮಾಡಿನ ಮೇಲೆ ಇಬ್ಬರು, ಏಣಿಯ ಮೇಲೆ ಒಬ್ಬ, ಕೆಳಗೆ ಇಬ್ಬರು. ಹಂಚು ಕೈಯಿಂದ ಕೈಗೆ ಇಳಿಯುತ್ತಿತ್ತು. ಈ ಕಡೆ ನಾಲ್ಕು ಸಾಲು ತೆಗೆದರೆ ಆ ಕಡೆಯೂ ನಾಲ್ಕು ಸಾಲು. ಒಂದೇ ಮಗ್ಗುಲು ಖಾಲಿ ಮಾಡಿದರೆ ಇನ್ನೊಂದು ಮಗ್ಗುಲಿನ ಭಾರಕ್ಕೆ ಮಾಡೇ ವಾಲುತ್ತದಂತೆ. ಆಮೇಲೆ ಹಂಚಿನಡಿಯ ರೀಪು, ಅದರಡಿಯ ಪಕಾಸಿ, ಕೊನೆಗೆ ತೊಲೆ. ಒಂದೊಂದು ಮೊಳೆಯನ್ನೂ ಕಿತ್ತು ಡಬ್ಬಿಗೆ ಹಾಕಿಕೊಂಡರು. ಸಂದಿಯಿಂದ ಚೇಳು ಬಿದ್ದಾಗ ಮಾತ್ರ ಸ್ವಲ್ಪ ಗದ್ದಲ.

ಒಂದು ಹಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಸರೂ 1865 ಅಂತಲೂ ಅಚ್ಚಿತ್ತು. ಹುಡುಗನೊಬ್ಬ, "ನೂರೈವತ್ತು ವರ್ಷದ ಹಂಚು!" ಎಂದು ಕೂಗಿದ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಹೇಳಿದರೆ ಮೇಸ್ತ್ರಿಗೆ ಬೇಸರ. "ಸುಮ್ನಿರಿ ಭಟ್ರೆ, ಹಳೇ ಹಂಚು ಕೊಳ್ಳೋ ಹೋಮ್‌ಸ್ಟೇಯವರಿಗೆ ಅದನ್ನೆಲ್ಲಾ ಹೇಳ್ಬೇಡಿ."

ಜಗಳ ಬಂದಿದ್ದು ಕೊನೆಗೆ, ಕಂಬದ ಬುಡದ ಕಲ್ಲಿಗೆ. ಕಡೆದು ಮಾಡಿದ ಚೌಕದ ಕಲ್ಲುಗಳು, ಅರ್ಧ ಮಣ್ಣಿನೊಳಗೆ, ಅರ್ಧ ಹೊರಗೆ. "ಕಂಬ ನಂದು ಅಂದ್ಮೇಲೆ ಕಲ್ಲೂ ನಂದೇ ಅಲ್ವಾ?" ಎಂದ ಮೇಸ್ತ್ರಿ. ಅಮ್ಮ ಕಾಗದ ತಂದು ಓದಿದರು. ಅವನೂ ಇಸಕೊಂಡು ಓದಿದ. ಸೆಗಣಿ ಸಾರಿಸಿ ಸಾರಿಸಿ ನೆಲವೇ ಏರಿದ್ದು, ಹಾಗಾಗಿ ಕಲ್ಲು ನೆಲದ ಮೇಲಿನದೇ ಅನ್ನೋದು ಅವನ ವಾದ. ವಕೀಲನಾಗಬೇಕಿತ್ತು ಅವನು! ಚಹಾ ಕುಡಿದು ಪಾಲು ಮಾಡಿಕೊಂಡೆವು. ಎರಡು ಕಲ್ಲು ಅವನಿಗೆ, ಉಳಿದ ನಾಲ್ಕು ನಮಗೆ.

ಹಾರೆ, ಏಣಿ ಗಾಡಿಗೆ ಹಾಕಿಸಿ ದುಡ್ಡು ಎಣಿಸಿ ಕೊಟ್ಟ. ಹೊರಡುವಾಗ, "ಅಮ್ಮಾ, ಇನ್ನೊಂದ್ಸಲ ಕರೆದ್ರೆ ಕಾಗದ ನಾನು ಬರೆಸ್ಕೊಂಡು ಬರ್ತೀನಿ" ಎಂದ.